ತೂತು ಕಾಸಿನ ವರ್ಷ, ಇಪ್ಪತ್ತೈದು ದಿನ

ಅಜ್ಜಿ ತೀರಿಕೊಂಡ ಮೇಲೆ ಅವಳ ತಗಡಿನ ಟ್ರಂಕು ನನ್ನ ಪಾಲಿಗೆ ಬಂತು. ಪಾಲು ಅನ್ನುವುದು ದೊಡ್ಡ ಮಾತಾಯಿತು. ಯಾರಿಗೂ ಬೇಡವಾಗಿತ್ತು, ಗುಜರಿಯವನ ಗಾಡಿ ಬರುವ ಮೊದಲು ನಾನು ಎತ್ತಿಕೊಂಡು ಬಂದೆ. ಒಳಗೆ ಎರಡು ಇಳಕಲ್ ಸೀರೆ, ಅಜ್ಜನ ಹಳೆಯ ಪಾಸ್‌ಬುಕ್ಕು, ಯಾವ ಬೀಗಕ್ಕೂ ಸೇರದ ನಾಲ್ಕು ಕೀಲಿಕೈ, ಮೂಲೆಯಲ್ಲಿ ಕೆಂಪು ಚೌಕದ ಬಟ್ಟೆಯ ಒಂದು ಗಂಟು. ಗಂಟಿನಲ್ಲಿ ಏಳು ತೂತು ಕಾಸು. ಆರರ ಮೇಲೆ 1944, 1945ರ ಇಸವಿ. ಒಂದರ ಮೇಲೆ ಮಾತ್ರ 1943.

ತೂತು ಕಾಸು ಕಾಣದವರಿಗಾಗಿ ಹೇಳುತ್ತೇನೆ. ಕಂಚಿನ ಪುಟ್ಟ ಬಿಲ್ಲೆ, ನಡುವೆ ಕಿರುಬೆರಳ ತುದಿ ಇಣುಕುವಷ್ಟು ದೊಡ್ಡ ತೂತು. ಒಂದು ಕಡೆ ಕಿರೀಟ ಮತ್ತು ಇಸವಿ, ಇನ್ನೊಂದು ಕಡೆ ತೂತಿನ ಸುತ್ತ ಎಲೆಬಳ್ಳಿ. ರಾಜನ ಮುಖ ಇಲ್ಲ. ಇದ್ದಿದ್ದರೆ ತೂತು ಸರಿಯಾಗಿ ಅವನ ಕೆನ್ನೆಗೇ ಬೀಳುತ್ತಿತ್ತು. ರೂಪಾಯಿಗೆ ಅರವತ್ನಾಲ್ಕು ಇಂಥವು. ಇದಕ್ಕೂ ಮೊದಲಿದ್ದ ಅದೇ ಬೆಲೆಯ ಕಾಲಾಣೆ ಹತ್ತಿರ ಹತ್ತಿರ ಐದು ಗ್ರಾಂ ತೂಗುತ್ತಿತ್ತು, ಇದು ಎರಡೇ ಗ್ರಾಂ. ತಾಮ್ರವೆಲ್ಲ ಮದ್ದುಗುಂಡಿಗೆ ಬೇಕಿತ್ತು. ಆದ್ದರಿಂದ ಸರ್ಕಾರ 1943ರಲ್ಲಿ ಕಾಸನ್ನು ತೆಳ್ಳಗೆ ಮಾಡಿ, ಸಾಲದೆಂದು ನಡುವನ್ನೂ ಕಿತ್ತುಕೊಂಡಿತು. ಬೆಲೆ ಮಾತ್ರ ಅಷ್ಟೇ. ಜನ ಇದನ್ನು ಮಕ್ಕಳ ಉಡಿದಾರಕ್ಕೆ ಕಟ್ಟಿದರು, ಗಾಡಿ ನಟ್ಟಿಗೆ ವಾಷರ್ ಮಾಡಿಕೊಂಡರು. ಪೇಟೆಯಲ್ಲಿ ವಾಷರ್ ದುಬಾರಿ, ಕಾಸೇ ಅಗ್ಗ.

ಆ ಒಂದು ಬಿಲ್ಲೆಯ ದೆಸೆಯಿಂದ ನನಗೆ 1943ರ ಗೀಳು ಹತ್ತಿತು. ಯುದ್ಧದ ವರ್ಷಗಳಲ್ಲಿ 1939ಕ್ಕೆ ಆರಂಭದ ಹೆಸರಿದೆ, 1945ಕ್ಕೆ ಅಣುಬಾಂಬಿನದು. ನಮ್ಮ ಕಡೆ 1942 ಅಂದರೆ ಸಾಕು, ‘ಚಲೇಜಾವ್’ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. 1943 ನಡುವೆ ಸಿಕ್ಕಿಕೊಂಡ ವರ್ಷ. ಪಂಚಾಂಗದಲ್ಲಿ ಯುಗಾದಿಯಿಂದಾಚೆಗೆ ಸ್ವಭಾನು ಸಂವತ್ಸರ. ಓದುತ್ತಾ ಹೋದ ಹಾಗೆ, ಆ ವರ್ಷದ ಮಾರ್ಚ್ 8ರಿಂದ ಏಪ್ರಿಲ್ 1ರವರೆಗಿನ ದಿನಗಳಲ್ಲಿ ನನ್ನ ಬೆರಳು ನಿಂತುಬಿಟ್ಟಿತು. ಎಣಿಸಿ ನೋಡಿದೆ, ಇಪ್ಪತ್ತೈದು ದಿನ. ಅಷ್ಟರಲ್ಲಿ ಮೂರು ಕಡೆ ಹನ್ನೆರಡು ಜನ ಸತ್ತಿದ್ದರು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಈಸೂರಿನ ಐವರು, ಕಣ್ಣೂರಿನ ಜೈಲಿನಲ್ಲಿ ಕಯ್ಯೂರಿನ ನಾಲ್ವರು, ಹೊಸರಿತ್ತಿಯ ಗುಡಿಯ ಬಳಿ ಮೈಲಾರ ಮಹಾದೇವಪ್ಪ ಮತ್ತು ಅವರ ಇಬ್ಬರು ಸಂಗಾತಿಗಳು.

ಮೂರೂ ನನಗೆ ಗೊತ್ತಿದ್ದ ಕತೆಗಳೇ. ಈಸೂರು ಅಜ್ಜಿಯ ಸೀಮೆಯದು, ಹೊಸರಿತ್ತಿ ಪಠ್ಯಪುಸ್ತಕದ್ದು, ಕಯ್ಯೂರು ಕಾಲೇಜಿನಲ್ಲಿ ಓದಿದ ಕಾದಂಬರಿಯದು. ಮೂರನ್ನೂ ಒಂದೇ ಕ್ಯಾಲೆಂಡರಿನ ಎರಡು ಹಾಳೆಯೊಳಗೆ ಇಟ್ಟು ನೋಡುವುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹೊಳೆಯದಿರುವುದಕ್ಕೂ ಕಾರಣವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈಸೂರು. ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕು. 1942ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಹೊತ್ತಿದ ಬೆಂಕಿ ಇಲ್ಲಿಗೆ ತಲುಪಲು ಒಂದೂವರೆ ತಿಂಗಳು ಹಿಡಿಯಿತು. ತಲುಪಿದ ಮೇಲೆ ಮಾತ್ರ ಬೇರೆಯವರು ಕನಸಿನಲ್ಲೂ ಮಾಡದ್ದನ್ನು ಈ ಹಳ್ಳಿ ಮಾಡಿತು. ಸೆಪ್ಟೆಂಬರ್ ಕೊನೆಯ ವಾರ ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿ, ನಾವು ಸ್ವತಂತ್ರರು, ಇನ್ನು ಕಂದಾಯ ಕೊಡುವುದಿಲ್ಲ ಅಂದಿತು. ಶಾನುಭೋಗರ, ಪಟೇಲರ ಲೆಕ್ಕದ ಪುಸ್ತಕಗಳನ್ನು ಕಸಿದುಕೊಂಡರು. ಊರಿಗೆ ತಮ್ಮದೇ ಸರ್ಕಾರ ಬೇಕಲ್ಲ, ಅದಕ್ಕೆ ಒಬ್ಬ ಹುಡುಗನನ್ನು ಅಮಲ್ದಾರನನ್ನಾಗಿ, ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿ ಮಾಡಿದರು. ದೊಡ್ಡವರನ್ನು ಮಾಡಿದರೆ ಹಿಡಿದು ಜೈಲಿಗೆ ಹಾಕುತ್ತಾರೆ, ಹುಡುಗರನ್ನು ಏನು ಮಾಡಿಯಾರು ಎಂಬ ಲೆಕ್ಕಾಚಾರ. ನನಗೆ ಈ ಕತೆಯಲ್ಲಿ ತುಂಬ ಇಷ್ಟವಾದ ತುಣುಕು ಇದೇ. ಹಬ್ಬದ ದಿನ ನಾಟಕ ಆಡುವವರ ಉತ್ಸಾಹವೂ ಇದೆ, ವಕೀಲರ ತಲೆಯೂ ಇದೆ.

‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಮಾತು ಅಲ್ಲಿಂದಲೇ ಹುಟ್ಟಿದ್ದು. ಪ್ರಾಸ ಎಷ್ಟು ಚೆನ್ನಾಗಿದೆಯೆಂದರೆ, ಅದರ ಹಿಂದಿನ ರಕ್ತ ಕಾಣಿಸುವುದೇ ಇಲ್ಲ. ನಿಜವಾದ ಅಮಲ್ದಾರ್ ಚೆನ್ನಕೃಷ್ಣಪ್ಪ, ನಿಜವಾದ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಂಡು ಒಳಗೆ ಬನ್ನಿ ಎಂದು ಜನ ಪಟ್ಟು ಹಿಡಿದರು ಅನ್ನುತ್ತಾರೆ. ಮಾತಿಗೆ ಮಾತು ಬೆಳೆಯಿತು, ಲಾಠಿ ಎದ್ದಿತು, ಗುಂಡು ಹಾರಿತು, ಜನ ಮೇಲೆ ಬಿದ್ದರು. ಇಬ್ಬರೂ ಅಧಿಕಾರಿಗಳು ಅಲ್ಲೇ ಸತ್ತರು. ಹುತಾತ್ಮರ ಹೆಸರು ಹೇಳುವಾಗ ಈ ಇಬ್ಬರ ಹೆಸರನ್ನು ಬಿಟ್ಟುಬಿಡುವುದು ನಮ್ಮ ರೂಢಿ. ಬಿಡಬಾರದು ಅನ್ನಿಸುತ್ತದೆ ನನಗೆ. ಅವರೂ ಕನ್ನಡದಲ್ಲೇ ಬೈದಿರಬೇಕು, ಕನ್ನಡದಲ್ಲೇ ನರಳಿರಬೇಕು.

ಆಮೇಲೆ ಪಡೆ ಬಂತು. ಗಂಡಸರು ಕಾಡು ಸೇರಿದರು. ಮನೆಗಳು ಲೂಟಿಯಾದವು, ಉಳಿದ ಹೆಂಗಸರು ಏಟು ತಿಂದರು. ಜೈಲಿಗೆ ಹೋದವರಲ್ಲಿ ಹೆಂಗಸರೂ ಇದ್ದರು. ವಿಚಾರಣೆ ನಡೆದು ಐವರಿಗೆ ಗಲ್ಲು ಖಾಯಂ ಆಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಗೌಡ್ರ ಶಂಕರಪ್ಪ. ಮಾರ್ಚ್ 8ರಂದು ಇಬ್ಬರು, 9ರಂದು ಇಬ್ಬರು, 10ರಂದು ಒಬ್ಬರು.

ಆ ಮೂರು ದಿನದ ಹಂಚಿಕೆಯನ್ನು ಓದಿದಾಗ ನನಗೆ ಹೆಚ್ಚು ಕಂಗೆಡಿಸಿದ್ದು ಶಂಕರಪ್ಪನವರ ಸರದಿ. ಒಂದೇ ಊರಿನ ಐವರು. ಮೊದಲ ದಿನ ಇಬ್ಬರು ಹೋದರು, ಎರಡನೆಯ ದಿನ ಇನ್ನಿಬ್ಬರು. 9ರ ರಾತ್ರಿ ಅವರೊಬ್ಬರೇ ಉಳಿದಿದ್ದರು.

ಈಗ ಒಂದು ತಪ್ಪೊಪ್ಪಿಗೆ. ಆ ಸೆಂಟ್ರಲ್ ಜೈಲು ಇದ್ದದ್ದು ಈಗ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ. ಶೇಷಾದ್ರಿ ರಸ್ತೆಯಲ್ಲಿ ಹನ್ನೊಂದು ವರ್ಷ ನಾನು ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ. ಒಂದೆರಡು ಸಲ ಗೆಳೆಯರ ಜೊತೆ ಧರಣಿಗೆ ಹೋಗಿ, ಭಾಷಣ ಬೇಸರವಾದಾಗ ಹಿಂದೆ ಮರದ ಕೆಳಗೆ ಕೂತು ಹುರಿದ ಕಡಲೆಕಾಯಿ ತಿಂದಿದ್ದೇನೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದರು ಅಂತ ಬೇರೆಯವರಿಗೆ ದೊಡ್ಡ ತಿಳಿವಳಿಕಸ್ಥನ ಹಾಗೆ ಹೇಳಿದ್ದೇನೆ. ನಮ್ಮ ತಾಲ್ಲೂಕಿನ ಐವರು ಅದೇ ಕಾಂಪೌಂಡಿನೊಳಗೆ ಸತ್ತದ್ದು ನನ್ನ ತಲೆಗೆ ಬಂದಿರಲಿಲ್ಲ. ಈಸೂರಿನ ಕತೆ ಈಸೂರಿನಲ್ಲೇ ನಡೆದು ಮುಗಿದದ್ದು ಎಂದು ಮನಸ್ಸು ಹೇಗೋ ಅಂದುಕೊಂಡಿತ್ತು. ಕಾಸು ಸಿಕ್ಕ ಮೇಲೆ ಒಂದು ಭಾನುವಾರ ಹೋದೆ. ಗೋಡೆಯ ನೆರಳಲ್ಲಿ ಕಾಲೇಜು ಹುಡುಗರು ಮೊಬೈಲಿನಲ್ಲಿ ಹಾಡು ಹಾಕಿ ಡ್ಯಾನ್ಸು ಕಲಿಯುತ್ತಿದ್ದರು, ಒಬ್ಬಳು ‘ಒನ್ ಟೂ ತ್ರೀ ಫೋರ್’ ಎಣಿಸುತ್ತಿದ್ದಳು. ನಾನು ಸೆಲ್ಲುಗಳ ಸಾಲಿನ ಮುಂದೆ ಒಂದು ಸುತ್ತು ನಡೆದು ಬಂದೆ. ಸೆಲ್ಲಿನೊಳಗಿನ ತಂಪು ಇನ್ನೂ ಹಾಗೇ ಇದೆ.

ಅವರನ್ನು ಗಲ್ಲಿಗೇರಿಸಿದ್ದು ಬ್ರಿಟಿಷರೇ? ಕಾಗದದ ಮೇಲೆ ಅಲ್ಲ. ಮೈಸೂರು ಸಂಸ್ಥಾನದ ಸರ್ಕಾರ. ಆಗ ಜಯಚಾಮರಾಜ ಒಡೆಯರಿಗೆ ಇಪ್ಪತ್ಮೂರು ವರ್ಷ, ದಿವಾನರು ಎನ್. ಮಾಧವರಾವ್. ಮಾದರಿ ಸಂಸ್ಥಾನ ಎಂದು ಹೆಸರಾಗಿದ್ದ ರಾಜ್ಯ. ಅಣೆಕಟ್ಟು, ವಿದ್ಯುತ್ತು, ವಿಶ್ವವಿದ್ಯಾಲಯ ಎಲ್ಲವೂ ಅದರ ಕೊಡುಗೆಯೇ, ಯಾರೂ ಇಲ್ಲ ಅನ್ನುವಂತಿಲ್ಲ. ಆದರೆ ಬ್ರಿಟಿಷರನ್ನು ತೊಲಗಿ ಎಂದ ರೈತರ ಕೊರಳಿಗೆ ನೇಣು ಹಾಕಿದ್ದೂ ಅದೇ. ‘ಬ್ರಿಟಿಷರು ನೇಣಿಗೇರಿಸಿದರು’ ಎಂದು ಭಾಷಣಗಳಲ್ಲಿ ಕೇಳಿದಾಗೆಲ್ಲ, ಅಷ್ಟು ಸುಲಭವಾಗಿ ಕೈ ತೊಳೆದುಕೊಳ್ಳಬೇಡಿ ಅನ್ನಿಸುತ್ತದೆ. ಬೆಂಗಳೂರಿನಲ್ಲೇ ಆಗ ಎರಡು ಸರ್ಕಾರ. ಪೇಟೆಯ ಕಡೆ ಮಹಾರಾಜರದು, ದಂಡಿನ ಕಡೆ ಬ್ರಿಟಿಷರದು. ಜೈಲು ಮಹಾರಾಜರ ಕಡೆಯಲ್ಲಿತ್ತು.

ಆ ದಂಡು ಪ್ರದೇಶ 1943ರಲ್ಲಿ ಹೇಗಿತ್ತೆಂದು ಊಹಿಸಿಕೊಳ್ಳುವುದು ನನಗೆ ಖುಷಿ ಕೊಡುವ ಕೆಲಸ. ಯುದ್ಧದ ಬೆಂಗಳೂರು ಎಂದರೆ ಗೋರಾ ಸಿಪಾಯಿಗಳು, ಸಿನಿಮಾ ಟಾಕೀಸು, ಜಾಲಹಳ್ಳಿ ಕಡೆ ಮುಳ್ಳುತಂತಿಯೊಳಗೆ ಇಟಲಿಯ ಸಾವಿರಾರು ಯುದ್ಧಕೈದಿಗಳು. ಆಫ್ರಿಕಾದ ಮರಳಿನಲ್ಲಿ ಶರಣಾದ ಆ ಹುಡುಗರು ಇಲ್ಲಿ ಬಂದು ಕೂತಿದ್ದರು. ಸೆಪ್ಟೆಂಬರ್ 8ಕ್ಕೆ ಅವರ ದೇಶ ಕೈ ಚೆಲ್ಲಿ ಸಂಧಿ ಮಾಡಿಕೊಂಡಿತು, ಇವರು ಶತ್ರುಗಳೋ ಮಿತ್ರರೋ ಯಾರಿಗೂ ಸ್ಪಷ್ಟವಾಗದ ಸ್ಥಿತಿಗೆ ಬಂದರು. ಅತ್ತ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರುಮಾಡಿದ್ದ ವಿಮಾನ ಕಾರ್ಖಾನೆ, ಈಗಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಪಡೆಯ ಸುಪರ್ದಿಗೆ ಹೋಯಿತು. ಬರ್ಮಾ, ಚೀನಾ ಕಡೆ ಹಾರಿ ಜಖಂ ಆದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳೂ ಬರುತ್ತಿದ್ದವು, ಅವಕ್ಕೆ ಬೆಳ್ಳಂದೂರು ಕೆರೆಯೇ ನಿಲ್ದಾಣ. ಈಗ ನೊರೆಗೆ ಹೆಸರಾದ ಅದೇ ಕೆರೆ.

ನಮ್ಮ ಐವರ ಕೊರಳಿಗೆ ಹಗ್ಗ ಬೀಳುತ್ತಿದ್ದ ದಿನಗಳಲ್ಲಿ ಉಳಿದವರು ಎಲ್ಲಿದ್ದರು? ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿ. ಫೆಬ್ರವರಿ 10ರಂದು ಶುರುಮಾಡಿದ ಇಪ್ಪತ್ತೊಂದು ದಿನದ ಉಪವಾಸ ಮುಗಿದು ಐದೇ ದಿನ ಆಗಿತ್ತು. ದೇಶವೆಲ್ಲ ಅವರ ನಾಡಿ ಎಣಿಸುತ್ತಿದ್ದಾಗ, ಬೆಂಗಳೂರಿನ ಜೈಲಿನ ಐವರ ಬಗ್ಗೆ ಯೋಚಿಸುವ ಪುರುಸೊತ್ತು ಎಷ್ಟು ಜನಕ್ಕೆ ಇದ್ದೀತು? ಸುಭಾಷರು ನೀರಿನಡಿ ಇದ್ದರು. ಇದು ಅಲಂಕಾರದ ಮಾತಲ್ಲ. ಫೆಬ್ರವರಿ 9ರಂದು ಜರ್ಮನಿಯ ಕೀಲ್ ಬಂದರಿನಿಂದ ಯು-180 ಸಬ್‌ಮರೀನ್ ಹತ್ತಿದವರು, ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಆಚೆಯ ಕಡಲಿನಲ್ಲಿ ರಬ್ಬರ್ ದೋಣಿಯಲ್ಲಿ ದಾಟಿ ಜಪಾನಿನ ಸಬ್‌ಮರೀನ್ ಏರುವ ತನಕ, ಜೊತೆಗಾರ ಆಬಿದ್ ಹಸನ್ ಒಬ್ಬರೊಂದಿಗೆ ಆ ಉಕ್ಕಿನ ಕೊಳವೆಯೊಳಗೇ ಇದ್ದರು. ನಾನು ಹಿಡಿದು ಕೂತ ಇಪ್ಪತ್ತೈದು ದಿನಗಳ ಒಂದೊಂದು ದಿನವೂ. ಅಕ್ಟೋಬರ್ 21ಕ್ಕೆ ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರ ಘೋಷಿಸಿದಾಗ ಅವರಿಗೆ ಈಸೂರಿನ ಹೆಸರು ಗೊತ್ತಿತ್ತೋ ಇಲ್ಲವೋ. ಅದಕ್ಕೂ ಒಂದು ವರ್ಷ ಮೊದಲೇ ಒಂದು ಹಳ್ಳಿ ತನ್ನ ಸರ್ಕಾರ ಘೋಷಿಸಿಕೊಂಡು, ಸಂಪುಟಕ್ಕೆ ಹುಡುಗರನ್ನೂ ಸೇರಿಸಿಕೊಂಡಿತ್ತು.

ಇನ್ನೊಂದು ದಿನಾಂಕ. ಶಂಕರಪ್ಪನವರನ್ನು ಗಲ್ಲಿಗೇರಿಸಿದ ಮರುದಿನ, ಮಾರ್ಚ್ 11ರಂದು, ಬಂಗಾಳದ ಸರ್ಕಾರ ಅಕ್ಕಿಯ ಮೇಲಿದ್ದ ಬೆಲೆ ನಿಯಂತ್ರಣವನ್ನು ಕೈಬಿಟ್ಟಿತು. ಬರ್ಮಾ ಜಪಾನಿನ ಕೈಸೇರಿ ಅಲ್ಲಿಯ ಅಕ್ಕಿ ನಿಂತಿತ್ತು. ಶತ್ರುವಿಗೆ ಸಿಗಬಾರದೆಂದು ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತ್ತು. ಅಕ್ಟೋಬರಿನ ಚಂಡಮಾರುತ ಮೇದಿನಿಪುರವನ್ನು ಹೊಡೆದಿತ್ತು. ಬೆಲೆಯ ಕಟ್ಟು ಬಿಚ್ಚಿದ ಮೇಲೆ ಅಕ್ಕಿ ಬಡವರ ಕೈಗೆಟುಕದಷ್ಟು ಮೇಲೆ ಹೋಯಿತು. ಆ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ. ಆಗಸ್ಟ್ 22ರಂದು ಕಲ್ಕತ್ತದ ‘ಸ್ಟೇಟ್ಸ್‌ಮನ್’ ಬೀದಿಯಲ್ಲಿ ಸತ್ತು ಬಿದ್ದವರ ಚಿತ್ರಗಳನ್ನು ಅಚ್ಚು ಹಾಕುವವರೆಗೆ ಹೊರಗಿನವರು ಕಣ್ಣೆತ್ತಿಯೂ ನೋಡಲಿಲ್ಲ. ಈ 30 ಲಕ್ಷದ ಪಕ್ಕದಲ್ಲಿ ನನ್ನ ಹನ್ನೆರಡನ್ನು ಇಡಲು ಸಂಕೋಚವಾಗುತ್ತದೆ. ಆದರೂ ಇಡುತ್ತೇನೆ. ಹನ್ನೆರಡು ಜನರ ಹೆಸರಾದರೂ ಸಿಗುತ್ತದೆ.

ನಮ್ಮ ಕಡೆ ಅಂಥ ಕ್ಷಾಮ ಬರಲಿಲ್ಲ, ಆದರೆ ಹೊಟ್ಟೆ ತುಂಬಿಯೂ ಇರಲಿಲ್ಲ. ವಿಜಯಪುರ, ಬಳ್ಳಾರಿ ಸೀಮೆಯಲ್ಲಿ ಅದೇ ಹೊತ್ತಿಗೆ ಬರ. ಅಜ್ಜಿಯ ಬಾಯಲ್ಲಿ ಯುದ್ಧ ಎಂದರೆ ಹಿಟ್ಲರನೂ ಅಲ್ಲ, ಚರ್ಚಿಲ್ಲೂ ಅಲ್ಲ. ಎರಡೇ ಶಬ್ದ: ಲೆವಿ ಮತ್ತು ಕಂಟ್ರೋಲು. ಲೆವಿ ಎಂದರೆ ಬೆಳೆದ ಭತ್ತದಲ್ಲಿ ಇಷ್ಟು ಪಲ್ಲ ಸರ್ಕಾರಕ್ಕೆ ಅಳೆದು ಕೊಡುವುದು. ಕಂಟ್ರೋಲು ಎಂದರೆ ಸೀಮೆಎಣ್ಣೆ, ಸಕ್ಕರೆ, ಬಟ್ಟೆಗೆ ಚೀಟಿ ಹಿಡಿದು ಸಾಲು ನಿಲ್ಲುವುದು. “ಮದುವಿ ಸೀರಿನೂ ಕಂಟ್ರೋಲ್ ಸೀರಿ ನಂದು, ತಮ್ಮಾ. ಎರಡು ಸರ್ತಿ ಒಗದ್ರ ಜರಡಿ” ಅನ್ನುತ್ತಿದ್ದಳು. ಲೆವಿಯವರು ಬರುತ್ತಾರೆಂದು ಗೊತ್ತಾದ ರಾತ್ರಿ ಹಗೇವಿನಿಂದ ಭತ್ತ ತೆಗೆದು ಹುಲ್ಲಿನ ಬಣವೆಯೊಳಗೆ ಬಚ್ಚಿಟ್ಟದ್ದನ್ನು ಹೇಳುವಾಗ ಅವಳ ಮುಖದಲ್ಲಿ ಕಳ್ಳತನದ ಅಳುಕು ಸ್ವಲ್ಪವೂ ಇರುತ್ತಿರಲಿಲ್ಲ.

ಕಯ್ಯೂರಿಗೆ ಬರೋಣ. ಈಗ ಅದು ಕೇರಳದ ಕಾಸರಗೋಡು ಜಿಲ್ಲೆ. ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ತಾಲ್ಲೂಕು. ಊರಿನ ಪಕ್ಕದಲ್ಲೇ ತೇಜಸ್ವಿನಿ ಹೊಳೆ. ಜಮೀನ್ದಾರರ ಸುಲಿಗೆಯ ವಿರುದ್ಧ ಗೇಣಿದಾರರು ಸಂಘ ಕಟ್ಟಿದ್ದರು. 1941ರ ಮಾರ್ಚ್ ಕೊನೆಯಲ್ಲಿ ಪೊಲೀಸರು ರಾತ್ರಿ ಮನೆಗಳಿಗೆ ನುಗ್ಗಿ ಹೊಡೆದರು. ಅದನ್ನು ವಿರೋಧಿಸಿ 28ರಂದು ಮೆರವಣಿಗೆ ಹೊರಟಿತು. ಆ ದಾಳಿಯಲ್ಲಿದ್ದ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಮೆರವಣಿಗೆಗೆ ಎದುರಾದ. ಕೈಗೆ ಕೆಂಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ಮೇಲಿಂದ ಕಲ್ಲು ಬಿದ್ದವು, ಮುಳುಗಿ ಸತ್ತ. ಅರವತ್ತು ಚಿಲ್ಲರೆ ಜನರ ಮೇಲೆ ಕೇಸು, ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ. ಆರೋಪಿಗಳಲ್ಲಿ ಒಬ್ಬರು ಭೂಗತರಾಗಿ ತಪ್ಪಿಸಿಕೊಂಡರು, ಹೆಸರು ಇ.ಕೆ. ನಾಯನಾರ್. ಮುಂದೆ ಕೇರಳದ ಮುಖ್ಯಮಂತ್ರಿಯಾದವರು. ಗಲ್ಲು ವಿಧಿಸಿದ ಐವರಲ್ಲಿ ಒಬ್ಬ ಹುಡುಗ ವಯಸ್ಸಿಗೆ ಬಂದಿರಲಿಲ್ಲವೆಂದು ಉಳಿದುಕೊಂಡ. ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೆ ಹಾಕಿದರು.

ಇಲ್ಲೊಂದು ವಿಚಿತ್ರವಿದೆ. ಹೊಳೆಯ ದಂಡೆಯಲ್ಲಿ ಆ ಘಟನೆ ನಡೆದಾಗ ಕಮ್ಯುನಿಸ್ಟರು ಯುದ್ಧದ ವಿರೋಧಿಗಳು, ಅವರ ಪಕ್ಷಕ್ಕೆ ನಿಷೇಧ. ಮೂರು ತಿಂಗಳಲ್ಲಿ ಹಿಟ್ಲರ್ ಸೋವಿಯತ್ ರಷ್ಯಾದ ಮೇಲೆ ಏರಿಹೋದ. ಸಾಮ್ರಾಜ್ಯಶಾಹಿ ಯುದ್ಧ ಎಂದು ಬೈಯುತ್ತಿದ್ದುದು ಜನತಾ ಯುದ್ಧವಾಯಿತು. 1942ರ ಜುಲೈನಲ್ಲಿ ಪಕ್ಷದ ಮೇಲಿನ ನಿಷೇಧವೂ ಹೋಯಿತು. ಕಾಂಗ್ರೆಸ್ಸಿನವರು ‘ತೊಲಗಿ’ ಎಂದು ಜೈಲಿಗೆ ಹೋದಾಗ, ಇವರು ಯುದ್ಧ ಗೆಲ್ಲಬೇಕು ಎನ್ನುತ್ತಾ ಹೊರಗಿದ್ದರು. ಅಂದರೆ ಸರ್ಕಾರ ತನ್ನ ಯುದ್ಧವನ್ನು ಬೆಂಬಲಿಸುತ್ತಿದ್ದ ಪಕ್ಷದ ನಾಲ್ವರನ್ನೇ ಗಲ್ಲಿಗೇರಿಸಿತು. ಈಸೂರಿನವರೂ ಕಯ್ಯೂರಿನವರೂ ಆ ಮಾರ್ಚಿನಲ್ಲಿ ಹೊರಗೆ ಭೇಟಿಯಾಗಿದ್ದರೆ ಜಗಳ ಆಡುತ್ತಿದ್ದರೋ ಏನೋ. ಆಡಿದರೂ ಗೇಣಿ, ಕಂದಾಯದ ಮಾತು ಬಂದ ಕೂಡಲೇ ಒಂದಾಗುತ್ತಿದ್ದರು ಅಂತ ನನ್ನ ನಂಬಿಕೆ.

ಕಯ್ಯೂರನ್ನು ಕನ್ನಡದ ನೆನಪಿನಲ್ಲಿ ಉಳಿಸಿದವರು ನಿರಂಜನ. ನೀಲೇಶ್ವರದಲ್ಲಿ ಶಾಲೆ ಓದಿದವರು, ಆ ನೆಲದ ಒಡನಾಟ ಇದ್ದವರು. ಅವರ ‘ಚಿರಸ್ಮರಣೆ’ ಬಂದದ್ದು 1955ರಲ್ಲಿ. ಮರುವರ್ಷವೇ ಗಡಿ ಎಳೆದರು, ಕಯ್ಯೂರು ಆಚೆಗೆ ಹೋಯಿತು. ಮಲಯಾಳಂ ಮಾತಾಡುವ ರೈತರ ಕತೆ ಮೊದಲು ದೊಡ್ಡ ಕಾದಂಬರಿಯಾದದ್ದು ಕನ್ನಡದಲ್ಲಿ. ನನ್ನ ಮಲಯಾಳಿ ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವನು ನಂಬಲು ಒಂದು ಟೀ ಕುಡಿಯುವಷ್ಟು ಹೊತ್ತು ತೆಗೆದುಕೊಂಡ.

ಕಣ್ಣೂರಿನ ಮೂರು ದಿನಕ್ಕೆ ಹೊಸರಿತ್ತಿ. ಏಪ್ರಿಲ್ 1.

ಮೈಲಾರ ಮಹಾದೇವಪ್ಪ ಮೋಟೆಬೆನ್ನೂರಿನವರು. 1930ರಲ್ಲಿ ಗಾಂಧೀಜಿಯವರ ಹಿಂದೆ ಸಾಬರಮತಿಯಿಂದ ದಂಡಿಗೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಆಮೇಲೆ ಜೈಲು, ಕೊರಡೂರಿನ ಆಶ್ರಮ, ಖಾದಿ. ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು. 1942ರ ನಂತರದ ಮಹಾದೇವಪ್ಪ ಬೇರೆಯೇ ಮನುಷ್ಯ. ಸಂಗಾತಿಗಳನ್ನು ಕಟ್ಟಿಕೊಂಡು ರಾತ್ರಿ ತಿರುಗಾಡಿ, ರೈಲ್ವೆ ಸ್ಟೇಷನ್ನುಗಳಿಗೆ, ಚಾವಡಿಯ ದಫ್ತರುಗಳಿಗೆ ಬೆಂಕಿ ಇಟ್ಟರು. ಹೊಸರಿತ್ತಿಯ ವೀರಭದ್ರ ದೇವರ ಗುಡಿಯಲ್ಲಿ ಸುತ್ತಲ ಹಳ್ಳಿಗಳ ಕಂದಾಯದ ಹಣ ಇಟ್ಟು, ಪೊಲೀಸ್ ಕಾವಲು ಹಾಕಿದ್ದರು. ಅದನ್ನು ವಶಪಡಿಸಿಕೊಳ್ಳಲು ಹೋದಾಗ ಗುಂಡು ತಗಲಿತು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಸತ್ತರು. ಮಹಾದೇವಪ್ಪನವರಿಗೆ ಆಗ ಮೂವತ್ತೊಂದು.

ಈಸೂರಿನಲ್ಲೂ ವೀರಭದ್ರನ ಗುಡಿ, ಹೊಸರಿತ್ತಿಯಲ್ಲೂ ವೀರಭದ್ರನ ಗುಡಿ. ಒಂದರ ಮೇಲೆ ಬಾವುಟ ಏರಿತು, ಇನ್ನೊಂದರೊಳಗೆ ತಿಜೋರಿ ಇತ್ತು. ಇದರಿಂದ ಏನಾದರೂ ಅರ್ಥ ಹೊರಡಿಸಬೇಕೆಂದು ಎರಡು ದಿನ ಒದ್ದಾಡಿದೆ. ಏನೂ ಹೊರಡಲಿಲ್ಲ. ನಮ್ಮ ಆ ಸೀಮೆಯಲ್ಲಿ ವೀರಭದ್ರನ ಗುಡಿ ಇಲ್ಲದ ಊರೇ ಕಡಿಮೆ, ಅಷ್ಟೇ.

ಉಪ್ಪಿಗಾಗಿ ನಡೆದ ಮನುಷ್ಯ ಬಂದೂಕಿನ ಕಾವಲಿದ್ದ ತಿಜೋರಿಗೆ ಏಕೆ ಕೈ ಹಾಕಿದರು ಅನ್ನುವುದು ನನ್ನನ್ನು ಬಹಳ ಕಾಡಿದೆ. ಅವರು ಅಹಿಂಸೆ ಬಿಟ್ಟರು ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಕಾಗದ ಸುಡುವುದು, ಹಣ ಕಸಿಯುವುದು, ತಾವಾಗಿ ಜೀವ ತೆಗೆಯದಿರುವುದು, ಈ ಗೆರೆಯನ್ನು ಆ ಹೊತ್ತಿನ ಬಹಳ ಜನ ಎಳೆದುಕೊಂಡಿದ್ದರು. ಕಂದಾಯದ ಹಣ ಸರ್ಕಾರದ್ದಲ್ಲ, ಜನರದು ಅನ್ನುವುದಾದರೆ, ಅದನ್ನು ಮರಳಿ ತರುವುದು ದಂಡಿಯಲ್ಲಿ ಉಪ್ಪು ಹೆಕ್ಕಿದ್ದಕ್ಕಿಂತ ಅಷ್ಟೇನೂ ಬೇರೆಯಲ್ಲ ಎಂದು ಅವರಿಗೆ ಅನ್ನಿಸಿರಬಹುದು. ನಾಯಕರೆಲ್ಲ ಒಳಗಿದ್ದರು, ಕೇಳಿ ಬರೋಣವೆಂದರೆ ಆಗಾಖಾನ್ ಅರಮನೆಯ ಬಾಗಿಲು ಮುಚ್ಚಿತ್ತು. ಹಾವೇರಿ ಸೀಮೆಯ ಮೂವತ್ತೊಂದು ವರ್ಷದ ರೈತ ತನಗೆ ತಾನೇ ತೀರ್ಮಾನ ಮಾಡಬೇಕಾಗಿತ್ತು. ಮಾಡಿದರು.

ಇನ್ನು, ಮೂರನ್ನೂ ಒಟ್ಟಿಗೆ ನೋಡಲು ನನಗೆ ಏಕೆ ಇಷ್ಟು ವರ್ಷ ಹಿಡಿಯಿತು ಅನ್ನುವುದಕ್ಕೆ. ಈಸೂರು ಮೈಸೂರು ಸಂಸ್ಥಾನ. ಕಯ್ಯೂರು ಮದ್ರಾಸ್ ಪ್ರಾಂತ್ಯ. ಹೊಸರಿತ್ತಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಮೂರು ಸರ್ಕಾರ, ಮೂರು ಕೋರ್ಟು, ಮೂರು ಪೊಲೀಸ್ ದಫ್ತರು, ಮೂರು ಕಡೆಯ ಪತ್ರಿಕೆಗಳು, ಅವುಗಳ ಮೇಲೆ ಯುದ್ಧದ ಸೆನ್ಸಾರು. ನೆನಪೂ ದಫ್ತರಿನ ಹಾದಿಯನ್ನೇ ಹಿಡಿಯಿತು. ಈಸೂರಿನ ಮೆರವಣಿಗೆಯಲ್ಲಿ ಮಹಾದೇವಪ್ಪನವರ ಫೋಟೊ ನಾನು ನೋಡಿಲ್ಲ. ಹಾವೇರಿಯಲ್ಲಿ ಶಂಕರಪ್ಪನವರ ಹೆಸರು ಕೇಳಿಲ್ಲ. ಕಯ್ಯೂರಿನದಂತೂ ಇನ್ನೊಂದು ರಾಜ್ಯ, ಇನ್ನೊಂದು ಪಕ್ಷ, ಕೆಂಪು ಬಣ್ಣ. ಏಕೀಕರಣವಾಗಿ ಇಷ್ಟು ಕಾಲ ಆಯಿತು, ಹುತಾತ್ಮರು ಮಾತ್ರ ಇನ್ನೂ ಹಳೆಯ ತಾಲ್ಲೂಕು ಕಚೇರಿಗೇ ವರದಿ ಒಪ್ಪಿಸುತ್ತಿದ್ದಾರೆ. ಜಿಲ್ಲೆಗೊಂದು ಸ್ಮಾರಕ, ಜಿಲ್ಲೆಗೊಂದು ಹಾರ.

ಅದೇ 1943ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಶಿವಮೊಗ್ಗದಲ್ಲಿ. ಅಧ್ಯಕ್ಷರು ದ.ರಾ. ಬೇಂದ್ರೆ. ಧಾರವಾಡದವರು, ಅಂದರೆ ಮುಂಬಯಿ ಪ್ರಾಂತ್ಯದವರು, ಹಿಂದೆ ಒಂದು ಕವಿತೆಗಾಗಿ ಬ್ರಿಟಿಷರ ಜೈಲು ಕಂಡವರು. ಅವರು ಮಹಾರಾಜರ ಸೀಮೆಗೆ, ಈಸೂರಿನದೇ ಜಿಲ್ಲೆಗೆ ಬಂದು ಕೂತರು. ಅಲ್ಲಿ ಪೆಂಡಾಲಿನ ಹಿಂದೆ, ಊಟದ ಸಾಲಿನಲ್ಲಿ, ಯಾರೋ ಯಾರ ಕಿವಿಯಲ್ಲೋ ಐದು ಹೆಸರು ಹೇಳಿರಲೇ ಬೇಕು, ಇವರು ಪ್ರತಿಯಾಗಿ ಮೂರು ಹೆಸರು ಹೇಳಿರಬೇಕು. ಇದಕ್ಕೆ ನನ್ನ ಬಳಿ ಯಾವ ದಾಖಲೆಯೂ ಇಲ್ಲ, ಆಸೆ ಮಾತ್ರ ಇದೆ. ಅತ್ತ ಮೈಸೂರಿನಲ್ಲಿ ಕುವೆಂಪು ಒಂಬತ್ತು ವರ್ಷದ ತಮ್ಮ ಮಹಾಕಾವ್ಯದ ನಡುದಾರಿಯಲ್ಲಿದ್ದರು. ಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ನಂಟು ಕಡಿದಿದ್ದ ಆರ್.ಕೆ. ನಾರಾಯಣ್ ತಾವೇ ಪ್ರಕಾಶನ ತೆರೆದು ಮಾಲ್ಗುಡಿಯ ಕತೆಗಳನ್ನು ಅಚ್ಚು ಹಾಕಿಸುತ್ತಿದ್ದರು. ಇವೆಲ್ಲ ಅದೇ ವರ್ಷದ್ದು ಎಂದು ನಂಬುವುದೇ ಕಷ್ಟ.

ಅಜ್ಜಿಗೆ ಆಗ ಹದಿಮೂರು. ಅವಳ ತವರು ಈಸೂರಿನಿಂದ ಕಾಲುನಡಿಗೆಯ ದೂರ. ಗಂಡಸರು ಕಾಡು ಸೇರಿದ ಆ ದಿನಗಳಲ್ಲಿ ಅವರ ಹಿತ್ತಿಲಿಗೆ ರಾತ್ರಿ ಯಾರೋ ಬಂದಿದ್ದರು ಎಂದು ಮನೆಯಲ್ಲಿ ಒಂದು ಮಾತಿತ್ತು. ಚಿಕ್ಕವನಿದ್ದಾಗ ಕೇಳಿದ್ದೆ, ದೊಡ್ಡವನಾದ ಮೇಲೂ ಕೇಳಿದ್ದೆ. ಎರಡು ಸಲವೂ ಒಂದೇ ಉತ್ತರ: “ಯಾರೂ ಬಂದಿರ್ಲಿಲ್ಲ, ತಮ್ಮಾ.” ಹಾಗೆ ಹೇಳಬೇಕೆಂದು ಅವರವ್ವ ಕಲಿಸಿದ್ದಳಂತೆ.

ಅವಳು ಹೋಗುವ ಹಿಂದಿನ ವರ್ಷ, ದೀಪಾವಳಿಗೆ ಹೋದಾಗ, ಸುಮ್ಮನೆ ಇನ್ನೊಮ್ಮೆ ಕೇಳಿದೆ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವ ಮೊಮ್ಮಗಳಿಗೆ ತಪ್ಪು ಹುಡುಕುತ್ತಿದ್ದಳು.

“ಯಾರೂ ಬಂದಿರ್ಲಿಲ್ಲ” ಅಂದಳು.

ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ, “ಒಬ್ಬನ ಹಿಮ್ಮಡಿಯೊಳಗ ಮುಳ್ಳು ಮುರದಿತ್ತು. ಪಿನ್ನಾ ತರಾಕ ಒಳಗ ಹೋಗಿ ಬರೂದ್ರಾಗ ಹೊಂಟಿದ್ರು. ರೊಟ್ಟಿ ಅಷ್ಟೂ ಒಯ್ದಿದ್ರು, ಪಲ್ಯ ಬಿಟ್ಟಿದ್ರು” ಅಂದಳು.